ಎಮ್ಮೆಗೆ ಪರವಾನಗಿ ಸರಿ, ಜಾಗ ಎಲ್ಲಿ?

ನಮ್ಮ ಊರಿನ ನಗರಸಭೆಯ ಗೋಡೆಗೆ ಹೋದ ವಾರ ಒಂದು ಕರಡು ಉಪವಿಧಿಯನ್ನು ಅಂಟಿಸಿದ್ದಾರೆ. ಹಾದುಹೋಗುವವರು ನಿಂತು ಓದಲಾರದಷ್ಟು ಸಣ್ಣ ಅಕ್ಷರ. ನಾವು ನಿಂತು ಓದಿದೆವು. ನಗರದ ಎಲ್ಲೆಯೊಳಗೆ ಹಸು, ಎಮ್ಮೆ, ಎತ್ತು, ಕುದುರೆ ಸಾಕುವವರೆಲ್ಲ ಇನ್ನು ಮುಂದೆ ಪರವಾನಗಿ ಪಡೆಯಬೇಕಂತೆ. ಪರವಾನಗಿಗೆ ಸ್ವಂತ ಜಾಗದ ಕಾಗದ ಬೇಕು. ಕಲ್ಲು ಹಾಸಿದ ಕೊಟ್ಟಿಗೆ ಬೇಕು. ನೆರೆಮನೆಯಿಂದ ದೂರ ಬೇಕು. ಗಂಜಲ ಹರಿಯಲು ಬೇರೆಯೇ ಗುಂಡಿ ಬೇಕು. ಇವಿಲ್ಲದವರ ದನ ಬೀದಿಯಲ್ಲಿ ಸಿಕ್ಕರೂ ಸರಿ, ಮನೆಯ ಮುಂದೆ ಗೂಟಕ್ಕೆ ಕಟ್ಟಿದ್ದರೂ ಸರಿ, ಕೊಂಡವಾಡಕ್ಕೆ! ಗಡುವಿನೊಳಗೆ ದಂಡ ಕಟ್ಟಿ ಬಿಡಿಸಿಕೊಳ್ಳದಿದ್ದರೆ ಲಿಲಾವು.

ಅದೇ ದಿನ ಸಂಜೆ ಮಿಲ್ಲಿನ ಚಾಳಿಗೆ ಹೋಗಿ, ಎರಡು ಎಮ್ಮೆ ಸಾಕಿಕೊಂಡಿರುವ ಒಬ್ಬ ತಾಯಿಗೆ ಇದನ್ನು ಓದಿ ಹೇಳಿದೆವು. ಮಿಲ್ಲು ಬಾಗಿಲು ಹಾಕಿ ಗಂಡನ ಕೆಲಸ ಹೋದ ಮೇಲೆ ಆ ಎರಡು ಎಮ್ಮೆಗಳೇ ಅವರ ಮನೆಯ ಪಗಾರ. ಹಿಂಡಿ ಕಲಸುತ್ತಲೇ ಎಲ್ಲವನ್ನೂ ಕೇಳಿಸಿಕೊಂಡ ಆ ತಾಯಿ ಕೇಳಿದ್ದು ಒಂದೇ ಮಾತು: “ಅಣ್ಣಾರ, ನಾವಿರೋ ಮನೀಗೇ ಪಟ್ಟಾ ಇಲ್ಲ. ಎಮ್ಮಿ ಕೊಟ್ಟಿಗಿಗೆ ಪಟ್ಟಾ ಎಲ್ಲಿಂದ ತರ್ಲಿ?”

ಈ ಪ್ರಶ್ನೆಗೆ ಉಪವಿಧಿಯ ಯಾವ ಕಲಮಿನಲ್ಲೂ ಉತ್ತರವಿಲ್ಲ. ಉತ್ತರ ಬರೆಯಬೇಕಾದ ಮಹನೀಯರಿಗೆ ಇಂಥದೊಂದು ಪ್ರಶ್ನೆ ಇದೆಯೆಂಬುದೇ ಹೊಳೆದಿಲ್ಲ.

ಹಾಗೆಂದು ನಾವು ಕಟ್ಟಳೆಯೇ ಬೇಡವೆನ್ನುವವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಓದುಗರಲ್ಲಿ ಅರ್ಧ ಜನ ಸಂತೆಪೇಟೆಯ ಸಣ್ಣ ವ್ಯಾಪಾರಿಗಳು. ಬೆಳಗಿನ ಆರು ಗಂಟೆಗೆ ಮೂರು ಸಾವಿರ ರೂಪಾಯಿ ಬಡ್ಡಿಗೆ ತಂದು ಸೊಪ್ಪು ಹೂಡಿದವನ ಅಂಗಡಿಗೆ ಬಿಡಾಡಿ ಹೋರಿಯೊಂದು ಬಾಯಿ ಹಾಕಿದರೆ ಅವನ ಆ ದಿನದ ಗಳಿಕೆ ಹೋಯಿತು. ಪಾಳಿ ಮುಗಿಸಿ ರಾತ್ರಿ ಸೈಕಲ್ಲಿನಲ್ಲಿ ಮನೆಗೆ ಬರುವ ಕಾರ್ಮಿಕನಿಗೆ ದೀಪವಿಲ್ಲದ ರಸ್ತೆಯ ನಡುವೆ ಮಲಗಿದ ಕರಿಯ ಎಮ್ಮೆ ಕಾಣುವುದು ಬಿದ್ದ ಮೇಲೆಯೇ. ಬೆಳಗಿನ ಹಾಲು ಕರೆದುಕೊಂಡು, ಹಗ್ಗ ಬಿಚ್ಚಿ, ‘ಹೋಗಿ ಮೇದು ಬಾ’ ಎಂದು ಹಸುವನ್ನು ಊರ ಮೇಲೆ ಅಟ್ಟುವವರು ನಮ್ಮಲ್ಲೇ ಇದ್ದಾರೆ. ಹಾಲು ಇವರದು, ಹೊಟ್ಟೆ ಊರಿನದು! ಆ ಹಸು ಮೇಯುವುದಾದರೂ ಏನನ್ನು? ತಿಪ್ಪೆಯ ಮೇಲಿನ ಪ್ಲಾಸ್ಟಿಕ್ ಚೀಲವನ್ನು, ಅದರೊಳಗಿನ ಹಳಸಲು ಅನ್ನದ ಜೊತೆಗೆ. ಚೀಲ ಹೊಟ್ಟೆಯಲ್ಲಿ ಗಂಟಾಗಿ ಹಸು ನರಳಿ ಸಾಯುತ್ತದೆ. ಅಷ್ಟರವರೆಗೆ ಅದರ ಹಾಲನ್ನು ಕುಡಿಯುವವು ನಮ್ಮ ಮಕ್ಕಳೇ. ಹೀಗೆ ದನ ಬಿಡುವವರ ಪರವಾಗಿ ಈ ಪತ್ರಿಕೆ ಒಂದು ಸಾಲನ್ನೂ ಬರೆಯುವುದಿಲ್ಲ.

ಸೆಗಣಿಯ ಮಾತೂ ಸುಳ್ಳಲ್ಲ. ಒಂದು ಎಮ್ಮೆ ದಿನಕ್ಕೆ 15ರಿಂದ 20 ಕಿಲೊ ಸೆಗಣಿ ಹಾಕುತ್ತದೆ. ಎರಡು ಎಮ್ಮೆಯಿದ್ದರೆ ತಿಂಗಳಿಗೆ ಒಂದು ಟನ್ನಿನ ಲೆಕ್ಕ. ಅದನ್ನು ಚರಂಡಿಗೆ ತೊಳೆದುಬಿಟ್ಟರೆ ಚರಂಡಿ ಕಟ್ಟಿ, ನೊಣ ಸೊಳ್ಳೆ ಎದ್ದು, ಮೊದಲು ಕಾಯಿಲೆ ಬೀಳುವುದು ದೊಡ್ಡ ಬಡಾವಣೆಯಲ್ಲ, ಚಾಳೇ. ಆದರೆ ಅದೇ ಸೆಗಣಿಯನ್ನು ಒಂದೆಡೆ ಕೂಡಿಸಿದರೆ ಗೊಬ್ಬರ, ಗುಂಡಿಗೆ ಹಾಕಿದರೆ ಅನಿಲ. ಸುಮಾರು 25 ಕಿಲೊ ಸೆಗಣಿಯಿಂದ ಒಂದು ಘನಮೀಟರು ಅನಿಲ ಬರುತ್ತದೆ ಎಂಬುದು ಹಳೆಯ ಲೆಕ್ಕ. ಮನೆಮನೆಗೆ ಕಸದ ಗಾಡಿ ಕಳಿಸುವ ನಗರಸಭೆಗೆ ಸೆಗಣಿಯ ಗಾಡಿಯೊಂದನ್ನು ಕಳಿಸಬೇಕೆಂದು ಇಷ್ಟು ವರ್ಷ ಏಕೆ ತೋಚಲಿಲ್ಲವೋ!

ಇನ್ನು ಜಾಗದ ಲೆಕ್ಕಕ್ಕೆ ಬರೋಣ. ಎಮ್ಮೆಯೊಂದಕ್ಕೆ ನೆರಳಿನಡಿ 4 ಚದರ ಮೀಟರು, ಓಡಾಡಲು ಬಯಲು 8 ಚದರ ಮೀಟರು ಇರಬೇಕೆಂದು ಪಶುಸಂಗೋಪನೆಯ ಪುಸ್ತಕಗಳು ಹೇಳುತ್ತವೆ. ಕೂಡಿದರೆ 12 ಚದರ ಮೀಟರು, ಅಂದರೆ ಸುಮಾರು 130 ಚದರಡಿ. ಚಾಳಿನ ಕೋಣೆಯ ಅಳತೆ ನಮಗೆಲ್ಲ ಗೊತ್ತು: ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. 120 ಚದರಡಿ. ಸರಕಾರದ ಪುಸ್ತಕ ಒಂದು ಎಮ್ಮೆಗೆ ಬೇಕೆನ್ನುವ ಜಾಗದಷ್ಟೂ ಇಲ್ಲದ ಕೋಣೆಯಲ್ಲಿ ಗಂಡ, ಹೆಂಡತಿ, ಮೂರು ಮಕ್ಕಳು, ಒಬ್ಬ ಮುದಿ ಅತ್ತೆ ಮಲಗುತ್ತಾರೆ. ಎಮ್ಮೆಗೆ ಅಷ್ಟು ಜಾಗ ಬೇಡವೆಂದು ನಾವು ವಾದಿಸುವುದಿಲ್ಲ. ಬೇಕೇ ಬೇಕು, ಮೂಕಪ್ರಾಣಿ ಅದು. ಆದರೆ ಅಷ್ಟು ಜಾಗ ಸ್ವಂತಕ್ಕೆ ಇದ್ದವನಿಗೆ ಮಾತ್ರ ಪರವಾನಗಿ ಎಂದರೆ ಅರ್ಥವೇನು? ಇದ್ದವನು ಸಾಕಲಿ, ಇಲ್ಲದವನು ಮಾರಲಿ ಎಂದೇ ಅರ್ಥ.

ಇನ್ನೊಂದು ಅಳತೆಯನ್ನೂ ನೋಡಿ. ಒಂದು ಕಾರು ನಿಲ್ಲಲು ಎರಡೂವರೆ ಮೀಟರು ಅಗಲ, ಐದು ಮೀಟರು ಉದ್ದದ ಜಾಗ ಬೇಕು. ಹನ್ನೆರಡೂವರೆ ಚದರ ಮೀಟರು. ಹೆಚ್ಚುಕಡಿಮೆ ಒಂದು ಎಮ್ಮೆಯದೇ ಜಾಗ! ನಮ್ಮ ಊರಿನ ಹೊಸ ಬಡಾವಣೆಗಳಲ್ಲಿ ಸಂಜೆ ಒಂದು ಸುತ್ತು ಹೋಗಿಬನ್ನಿ. ರಸ್ತೆಯ ಎರಡೂ ಮಗ್ಗುಲಿಗೆ ಸಾಲಾಗಿ ಕಾರುಗಳು ಸರಕಾರದ ಜಾಗದಲ್ಲೇ ಮಲಗಿರುತ್ತವೆ, ಬಾಡಿಗೆಯಿಲ್ಲ, ಪರವಾನಗಿಯಿಲ್ಲ. ನಿಲ್ಲಿಸಲು ಸ್ವಂತ ಜಾಗ ತೋರಿಸದ ಹೊರತು ಕಾರು ಕೊಳ್ಳಕೂಡದೆಂದು ನಗರಸಭೆ ಎಂದಾದರೂ ಠರಾವು ಮಾಡಿತೇ? ಕಾರು ಹಾಲು ಕೊಡುವುದಿಲ್ಲ ಎಂಬುದನ್ನು ಬಿಟ್ಟರೆ ಬೇರೆ ವ್ಯತ್ಯಾಸವೇನೆಂದು ಮಹನೀಯರು ತಿಳಿಸಬೇಕು.

ಜಾಗವೇ ಇರಲಿಲ್ಲವೇ? ಇತ್ತು. ಹಳ್ಳಿಯಲ್ಲಿ 100 ದನಕ್ಕೆ 12 ಹೆಕ್ಟೇರು, ಸುಮಾರು 30 ಎಕರೆ ಗೋಮಾಳ ಬಿಡಬೇಕೆಂದು 1966ರ ನಮ್ಮ ರಾಜ್ಯದ ಭೂಕಂದಾಯ ನಿಯಮಗಳಲ್ಲೇ ಬರೆದಿದೆ. ಊರು ಬೆಳೆದು ಪಕ್ಕದ ಹಳ್ಳಿಯನ್ನು ನುಂಗುವಾಗ ಆ ಹಳ್ಳಿಯ ದನಗಳೂ ಊರಿನ ಒಳಕ್ಕೆ ಬಂದವು. ಗೋಮಾಳ ಮಾತ್ರ ಬರಲಿಲ್ಲ. ಅದು ಎಲ್ಲಿ ಹೋಯಿತೆಂದು ಊರ ಹೊರಗಿನ ಕಮಾನುಗಳ ಮೇಲಿನ ಬಡಾವಣೆಗಳ ಹೆಸರು ಓದಿದರೆ ತಿಳಿಯುತ್ತದೆ. ನಿನ್ನೆಯವರೆಗೆ ಹುಲ್ಲು ಮೇಯುತ್ತಿದ್ದ ಎಮ್ಮೆ ಇಂದು ಅದೇ ಜಾಗದಲ್ಲಿ ನಿಂತಿದ್ದರೆ ಅತಿಕ್ರಮಣಕಾರಿ! ಹಳ್ಳಿಗಳ ಸಾಮೂಹಿಕ ಭೂಮಿಯನ್ನು ಕಬಳಿಸಿದವರನ್ನು ತೆರವು ಮಾಡಿಸಬೇಕೆಂದು ಸುಪ್ರೀಂ ಕೋರ್ಟು 2011ರಲ್ಲಿ ಪಂಜಾಬಿನ ಮೊಕದ್ದಮೆಯೊಂದರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಆ ತೀರ್ಪನ್ನು ಗೋಡೆಗೆ ಅಂಟಿಸಿದ್ದನ್ನು ನಾವು ಕಂಡಿಲ್ಲ.

ಇದು ನಮ್ಮೊಂದು ಊರಿನ ಕಥೆಯಲ್ಲ. ನಮಗಿಂತ ಮೊದಲು ಈ ದಾರಿ ಹಿಡಿದವರ ಪಾಡನ್ನು ಸ್ವಲ್ಪ ನೋಡಬೇಕು. ಗುಜರಾತಿನ ವಿಧಾನಸಭೆ 2022ರ ಮಾರ್ಚ್ ಕೊನೆಗೆ ನಗರಗಳಲ್ಲಿ ದನ ಸಾಕಣೆ ಮತ್ತು ಓಡಾಟವನ್ನು ಹತೋಟಿಗೆ ತರುವ ಮಸೂದೆಯೊಂದನ್ನು ಪಾಸು ಮಾಡಿತು. ಎಂಟು ಮಹಾನಗರಗಳು, ನೂರೈವತ್ತಕ್ಕೂ ಹೆಚ್ಚು ಪಟ್ಟಣಗಳು ಅದರಡಿಗೆ ಬಂದವು. ಪರವಾನಗಿ ಬೇಕು, ಪರವಾನಗಿ ಸಿಕ್ಕ 15 ದಿನದೊಳಗೆ ಪ್ರತಿ ದನಕ್ಕೂ ಬಿಲ್ಲೆ ಹಾಕಿಸಬೇಕು, ತಪ್ಪಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಬಡವ ಎಮ್ಮೆ ಸಾಕಿದ ತಪ್ಪಿಗೆ ಒಂದು ವರ್ಷ ಸೆರೆಮನೆ!

ಅಲ್ಲಿನ ಮಾಲಧಾರಿಗಳು ತಲೆತಲಾಂತರದಿಂದ ದನ ಕಾಯ್ದು ಬದುಕಿದವರು. ದನವೇ ಅವರಿಗೆ ಸಂಪತ್ತು, ಹೆಸರಿನಲ್ಲೇ ಅದು ಇದೆ. ಒಂದು ಕಾಲಕ್ಕೆ ಅಹಮದಾಬಾದಿನ ಬಟ್ಟೆ ಮಿಲ್ಲುಗಳ ಕಾರ್ಮಿಕರಿಗೆ ಹಾಲು ಕೊಟ್ಟ ಜನ. ಮಿಲ್ಲುಗಳು ಮುಚ್ಚಿದವು, ಊರು ಹಬ್ಬಿತು, ಹುಲ್ಲುಗಾವಲು ಹೋಯಿತು, ಕೊನೆಗೆ ಉಳಿದ ಎಮ್ಮೆಗೂ ಕಾನೂನು ಬಂತು. ಅವರು ಸುಮ್ಮನೆ ಕೂಡಲಿಲ್ಲ. ತಿಂಗಳುಗಟ್ಟಲೆ ಸಭೆ ಕೂಡಿಸಿದರು, ಮೆರವಣಿಗೆ ತೆಗೆದರು. 2022ರ ಸೆಪ್ಟೆಂಬರ್ 21ರಂದು ರಾಜ್ಯದಾದ್ಯಂತ ಹಾಲು ಮಾರುವುದನ್ನೇ ನಿಲ್ಲಿಸಿದರು. ಅಷ್ಟರಲ್ಲಿ ರಾಜ್ಯಪಾಲರು ಮಸೂದೆಯನ್ನು ಹಿಂದಕ್ಕೆ ಕಳಿಸಿದ್ದರು. ಮುಷ್ಕರದ ದಿನವೇ ವಿಧಾನಸಭೆ ಅದನ್ನು ವಾಪಸು ಪಡೆಯಿತು. ಆರು ತಿಂಗಳ ಹಿಂದೆ ಕೈಯೆತ್ತಿ ಪಾಸು ಮಾಡಿದ ಸಭೆಯೇ ಕೈಯೆತ್ತಿ ಹಿಂತೆಗೆದುಕೊಂಡಿತು. ಅಲ್ಲಿ ಕೆಲವರು ನದಿಗೆ ಹಾಲು ಸುರಿದದ್ದು ಮಾತ್ರ ನಮಗೆ ಒಪ್ಪಿಗೆಯಾಗಲಿಲ್ಲ. ಮಿಲ್ಲಿನ ಬಾಗಿಲಿಗೆ ತಂದು ಮಕ್ಕಳಿಗೆ ಹಂಚಬಹುದಿತ್ತು.

ಆದರೆ ಮಸೂದೆ ಸತ್ತ ಮಾತ್ರಕ್ಕೆ ತೊಂದರೆ ಸಾಯಲಿಲ್ಲ, ಇದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಅದೇ ವರ್ಷ ಆಗಸ್ಟಿನಲ್ಲಿ ಕಡಿ ಪಟ್ಟಣದ ತಿರಂಗಾ ಮೆರವಣಿಗೆಯಲ್ಲಿ ಹಿಂದಿನ ಉಪಮುಖ್ಯಮಂತ್ರಿ ನಿತಿನ್ ಪಟೇಲರನ್ನೇ ಬಿಡಾಡಿ ಹಸುವೊಂದು ಕೆಡವಿ ಕಾಲಿಗೆ ಪೆಟ್ಟು ಮಾಡಿತ್ತು. ಹೆಸರಿಲ್ಲದ ಬಡವರು ಎಷ್ಟು ಮಂದಿ ಬಿದ್ದರೋ. ಹೈಕೋರ್ಟು ಬಿಸಿ ಮುಟ್ಟಿಸುತ್ತಲೇ ಇತ್ತು. 2023ರಲ್ಲಿ ಅಹಮದಾಬಾದ್ ಮಹಾನಗರಪಾಲಿಕೆ ತನ್ನದೇ ನೀತಿ ತಂದು, ಮುಂಬಾಗಿಲಿನಿಂದ ಹೊರಟ ಪರವಾನಗಿಯನ್ನು ಹಿತ್ತಿಲ ಬಾಗಿಲಿನಿಂದ ಒಳಕ್ಕೆ ಕರೆದುಕೊಂಡಿತು. ಹೋರಾಡಿ ಕಾನೂನನ್ನು ತಡೆದವರು ಜಾಗವನ್ನೂ ಕೇಳಿ ಪಡೆಯದಿದ್ದರೆ ಆಗುವುದು ಇಷ್ಟೇ.

ಹಾಗಾದರೆ ಜಾಗ ಕೊಟ್ಟು ಊರ ಹೊರಗೆ ಸಾಗಿಸಿದ ದೃಷ್ಟಾಂತವೇ ಇಲ್ಲವೇ? ಇದೆ. ಮುಂಬಯಿಯಲ್ಲಿ ಸ್ವಾತಂತ್ರ್ಯಕ್ಕೆ ಮುಂಚೆ ಎಮ್ಮೆಗಳ ತಬೇಲಾಗಳು ಊರ ನಟ್ಟನಡುವೆ ಇದ್ದವು. ಕತ್ತಲೆ, ಕೆಸರು, ನೀರು ಬೆರೆಸಿದ ಹಾಲು. ಹಾಲು ಬತ್ತಿದ ಎಮ್ಮೆಯನ್ನು ಮುಂದಿನ ಈಯುವಿಕೆಯವರೆಗೆ ಸಾಕುವುದು ಆ ಪಟ್ಟಣದ ಖರ್ಚಿನಲ್ಲಿ ಗಿಟ್ಟದೆ, ಒಳ್ಳೆಯ ಪ್ರಾಯದ ಎಮ್ಮೆಗಳೂ ಕಸಾಯಿಖಾನೆಗೆ ಹೋಗುತ್ತಿದ್ದವು. ದಾರಾ ಖುರೋಡಿ ಎಂಬ ಅಧಿಕಾರಿಯ ಮುತುವರ್ಜಿಯಿಂದ 1949ರಲ್ಲಿ ಆರೆ ಹಾಲಿನ ಕಾಲನಿ ಎದ್ದಿತು. 1951ರಲ್ಲಿ ನೆಹರು ಬಂದು ಅದನ್ನು ಉದ್ಘಾಟಿಸಿದರು. ಸುಮಾರು 1,287 ಹೆಕ್ಟೇರು ಭೂಮಿ, 16 ಸಾವಿರ ಎಮ್ಮೆಗಳಿಗೆ ನೆಲೆ. ಮಾಲಿಕರು ಖಾಸಗಿಯವರೇ, ಕೊಟ್ಟಿಗೆ, ನೀರು, ಹುಲ್ಲು, ವೈದ್ಯರು ಸರಕಾರದ್ದು. ಅಂದರೆ ಇದು ಆಗದ ಕೆಲಸವಲ್ಲ. ಸರಕಾರ ಮನಸ್ಸು ಮಾಡಿದರೆ ಆಗುತ್ತದೆ. ಎಲ್ಲ ತಬೇಲಾಗಳೂ ಹೋದವೆಂದಲ್ಲ, ಉಪನಗರಗಳಲ್ಲಿ ಉಳಿದವೂ ಇದ್ದವು. ಅವಕ್ಕೆಂದೇ 1976ರಲ್ಲಿ ಮಹಾರಾಷ್ಟ್ರ ಪ್ರತ್ಯೇಕ ಕಾಯ್ದೆ ಮಾಡಿತು.

ಆದರೆ ಆರೆಯ ಮುಂದಿನ ಕಥೆಯನ್ನೂ ಕೇಳಿ. ಎಮ್ಮೆಗೆಂದು ಕೊಟ್ಟ ಭೂಮಿಯಲ್ಲಿ ಒಂದು ಪಾಲು ಸಿನಿಮಾ ನಗರಿಗೆ ಹೋಯಿತು. ಇನ್ನೊಂದು ಪಾಲನ್ನು ಮೆಟ್ರೊ ರೈಲಿನ ಶೆಡ್ಡಿಗೆಂದು ತೆಗೆದುಕೊಂಡು 2019ರ ಅಕ್ಟೋಬರಿನಲ್ಲಿ, ಹೈಕೋರ್ಟು ತಡೆಯಾಜ್ಞೆ ಕೊಡಲು ಒಪ್ಪದಿದ್ದ ದಿನದ ರಾತ್ರಿಯೇ, ಮರಗಳಿಗೆ ಗರಗಸ ಹಾಕಿದರು. ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿದವು. ಬಡವನಿಗೆ, ದನಕ್ಕೆ ಎಂದು ಬರೆದ ಜಾಗವಿದ್ದರೂ ಬೆಲೆ ಏರಿದ ದಿನ ಅದು ಅವರದಲ್ಲ.

ದಿಲ್ಲಿಯದು ಇನ್ನೂ ಕೆಟ್ಟದ್ದು. ಊರ ಹೊರಗೆ ಹಾಲಿನ ಕಾಲನಿಗಳನ್ನು ಮಾಡಿದರು, ಸರಿ. ಅವುಗಳಲ್ಲಿ ಗಾಜಿಪುರ, ಭಲ್‌ಸ್ವಾ ಎಂಬ ಎರಡರ ಪಕ್ಕದಲ್ಲೇ ಇಡೀ ದಿಲ್ಲಿಯ ಕಸದ ಗುಡ್ಡಗಳು! ದನಗಳು ಆ ಗುಡ್ಡ ಮೇಯುತ್ತಿವೆ, ಆ ಹಾಲು ಮಕ್ಕಳಿಗೆ ಹೋಗುತ್ತಿದೆ ಎಂದು 2024ರಲ್ಲಿ ದಿಲ್ಲಿ ಹೈಕೋರ್ಟು ಕಳವಳಪಟ್ಟು, ಅಲ್ಲಿಂದಲೂ ಎತ್ತಂಗಡಿ ಮಾಡಬೇಕೆಂದಿತು. ಮೊದಲು ಊರಿನಿಂದ ಅಟ್ಟಿದರು, ಆಮೇಲೆ ಅಟ್ಟಿದ ಜಾಗದಿಂದಲೂ. ನಮ್ಮ ನಗರಸಭೆಯ ಪಡಸಾಲೆಯಲ್ಲಿ ‘ಕಸ ವಿಲೇವಾರಿ ಘಟಕದ ಹತ್ತಿರ ಒಂದಿಷ್ಟು ಜಾಗ ಇದೆಯಲ್ಲ’ ಎಂಬ ಮಾತು ಓಡಾಡುತ್ತಿದೆಯೆಂದು ಕೇಳುತ್ತೇವೆ. ಆ ಮಾತು ಅಲ್ಲಿಯೇ ಸಾಯಲಿ.

ಬೀದಿಯ ದನಗಳೆಲ್ಲ ಚಾಳಿನವರದೇ ಎಂಬ ತಪ್ಪು ಕಲ್ಪನೆಯೊಂದನ್ನೂ ಇಲ್ಲಿಯೇ ತೀರಿಸಿಬಿಡೋಣ. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 50 ಲಕ್ಷಕ್ಕೂ ಮೇಲೆ ಬಿಡಾಡಿ ದನಗಳನ್ನು ಎಣಿಸಿದರು. ಇವುಗಳಲ್ಲಿ ಹಾಲು ಕೊಡುವ ಎಮ್ಮೆ ಎಷ್ಟಿದ್ದಾವು? ಹಾಲು ಕೊಡುವ ಎಮ್ಮೆಯನ್ನು ಯಾವ ಬಡವನೂ ರಾತ್ರಿ ಬೀದಿಯಲ್ಲಿ ಬಿಡುವುದಿಲ್ಲ. ಬೀದಿಗೆ ಬಿದ್ದವು ಹೆಚ್ಚಾಗಿ ಹೋರಿಗರುಗಳು, ಗೊಡ್ಡು ಹಸುಗಳು. ಟ್ರ್ಯಾಕ್ಟರು ಬಂದ ಮೇಲೆ ಹೋರಿಗರುವಿಗೆ ನೊಗವಿಲ್ಲ. ಮೊದಲು ಮುದಿ ಎತ್ತನ್ನು ಸಂತೆಯಲ್ಲಿ ಮಾರಿ, ಬಂದ ದುಡ್ಡಿಗೆ ಸಾಲ ಸೇರಿಸಿ ಹೊಸ ಜೋಡಿ ತರುತ್ತಿದ್ದರು. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಎಮ್ಮೆಗಳಿಗೆ ವಿನಾಯಿತಿ ಇತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ 13 ವರ್ಷ ದಾಟಿದ ಎಮ್ಮೆ-ಕೋಣಗಳನ್ನು ಬಿಟ್ಟು ಉಳಿದೆಲ್ಲವನ್ನೂ ನಿಷೇಧಿಸಿ, ಮೂರರಿಂದ ಏಳು ವರ್ಷದ ಸೆರೆ ಹೇಳಿತು. ಭಕ್ತಿಯ ಮಾತು ಭಕ್ತರಿಗೆ ಬಿಟ್ಟದ್ದು. ನಾವು ಕೇಳುವುದು ಮೇವಿನ ಮಾತು. ಮಾರಬೇಡ ಎಂದ ಸರಕಾರ ಹುಲ್ಲಿನ ದುಡ್ಡು ಕೊಟ್ಟಿತೇ? ಕೊಡಲಿಲ್ಲ. ರೈತ ರಾತ್ರಿ ಹಗ್ಗ ಬಿಚ್ಚಿ ಪೇಟೆಯ ದಾರಿ ತೋರಿಸಿದ. ಆ ದಂಡವನ್ನು ಈಗ ಚಾಳಿನ ತಾಯಿಯಿಂದ ವಸೂಲು ಮಾಡಬೇಕೆ?

ಯಾರ ದನವೆಂದು ಗೊತ್ತಾಗುವುದಿಲ್ಲ ಎನ್ನುವುದೂ ನೆಪ. ಕಿವಿಗೆ 12 ಅಂಕಿಯ ಹಳದಿ ಬಿಲ್ಲೆ ಹಾಕುವ ಕೆಲಸ ವರ್ಷಗಳಿಂದ ನಡೆದಿದೆ. ಚಾಳಿನ ಆ ಎರಡು ಎಮ್ಮೆಗಳ ಕಿವಿಯಲ್ಲೂ ಬಿಲ್ಲೆಯಿದೆ. ಎಮ್ಮೆಗೆ ನಂಬರು ಬಂತು. ಅದರ ಒಡತಿಯ ಮನೆಯ ಬಾಗಿಲಿಗೆ ಮಾತ್ರ ಇನ್ನೂ ಬಂದಿಲ್ಲ.

ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ಬಿಡಾಡಿ ದನದ ಮೇಲಿನ ಸಿಟ್ಟಿನಲ್ಲಿ ನೀವು ಈ ಉಪವಿಧಿಗೆ ಚಪ್ಪಾಳೆ ತಟ್ಟುವ ಮುನ್ನ ನಿಮ್ಮದೇ ಚರಿತ್ರೆ ನೆನೆಯಿರಿ. ನಿಮ್ಮ ಗಾಡಿಗಳನ್ನೂ ಇದೇ ನಗರಸಭೆ ಇದೇ ಭಾಷೆಯಲ್ಲಿ ‘ಅಡಚಣೆ’ ಎಂದು ಎತ್ತಿಕೊಂಡು ಹೋಗುತ್ತಿತ್ತು. ಹೋರಾಟದ ಫಲವಾಗಿ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂತು. ಸಮೀಕ್ಷೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಕೂಡದು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು ಎಂದು ಅದರಲ್ಲಿದೆ. ಅದು ಸರಿಯಾಗಿ ನಡೆಯುತ್ತಿದೆಯೇ ಎಂಬುದು ಬೇರೆ ಮಾತು. ಕಾಗದದ ಮೇಲಾದರೂ ಹಕ್ಕಿದೆ. ಅದೇ ಹಕ್ಕು ಎಮ್ಮೆ ಸಾಕುವವರಿಗೆ ಏಕೆ ಬೇಡ? ಚಹದಂಗಡಿಯವರನ್ನು ಕೇಳಿ: ವಾರದ ಉದ್ದರಿಗೆ ಹಾಲು ಕೊಡುವವರು ಯಾರು? ಪೊಟ್ಟಣದ ಹಾಲಿನ ಏಜೆಂಟನೇ, ಚಾಳಿನ ತಾಯಿಯೇ?

ನಮ್ಮ ಬೇಡಿಕೆ ಚಂದ್ರಲೋಕದ್ದಲ್ಲ. ನಗರದೊಳಗೆ ಒಂದೋ ಎರಡೋ ಎಮ್ಮೆ ಸಾಕಿ ಬದುಕುವವರ ಎಣಿಕೆ ಮೊದಲು ಆಗಲಿ. ಎಣಿಕೆ ಮುಗಿಯುವವರೆಗೆ ಗೂಟದಲ್ಲಿ ಕಟ್ಟಿದ ದನಕ್ಕೆ ಯಾರೂ ಕೈ ಹಚ್ಚಬಾರದು. ಅಂಥ ಎಮ್ಮೆಗಳು 200 ಇವೆಯೆಂದೇ ಹಿಡಿಯಿರಿ. ಪುಸ್ತಕದ ಲೆಕ್ಕದಂತೆ 2,400 ಚದರ ಮೀಟರು, ಅಂದರೆ 24 ಗುಂಟೆ. ಬಣವೆಗೆ, ಸೆಗಣಿ ಗುಂಡಿಗೆ, ದಾರಿಗೆ ಸೇರಿಸಿ ಎರಡು ಎಕರೆ. ಗೋಮಾಳದ ನಿಯಮದಂತೆ ಇಷ್ಟೇ ದನಕ್ಕೆ 60 ಎಕರೆ ಕೇಳಬಹುದಿತ್ತು, ನಾವು ಕೇಳುತ್ತಿರುವುದು ಎರಡು! ನಡೆದು ಹೋಗುವ ದೂರದಲ್ಲಿ, ಕಸದ ಗುಡ್ಡದಿಂದ ದೂರದಲ್ಲಿ, ಸಾಕುವವರ ಸಹಕಾರ ಸಂಘದ ಹೆಸರಿಗೆ ಹಕ್ಕುಪತ್ರ ಮಾಡಿ ಕೊಡಲಿ. ನೀರು, ದೀಪ, ವಾರಕ್ಕೆ ಎರಡು ಸಲ ಪಶುವೈದ್ಯರು. ಸಂಘವಾದರೆ ಹಾಲನ್ನು ಒಕ್ಕೂಟಕ್ಕೂ ಹಾಕಬಹುದು. ಹಳ್ಳಿಯ ಉತ್ಪಾದಕರ ಸಂಘಗಳಿಗೆ ಸಿಗುವ ಲೀಟರಿನ ಪ್ರೋತ್ಸಾಹಧನ ಇವರಿಗೂ ಸಿಗಬೇಕೆಂದು ಕೇಳಲು ಬಾಯಿ ಬರುತ್ತದೆ. ಎರಡು ಎಮ್ಮೆಯ ಮನೆಗೂ ನಲವತ್ತು ಎಮ್ಮೆಯ ತಬೇಲಾಕ್ಕೂ ಒಂದೇ ದಂಡ, ಒಂದೇ ಶುಲ್ಕ ಬೇಡ. ಆ ನಲವತ್ತು ಎಮ್ಮೆಯ ತಬೇಲಾಗಳ ಬಾಗಿಲಿಗೆ ಕೊಂಡವಾಡದ ಗಾಡಿ ಇದುವರೆಗೆ ಒಮ್ಮೆಯೂ ಏಕೆ ಹೋಗಲಿಲ್ಲ ಎಂಬುದನ್ನು ನಾವು ಇನ್ನೊಂದು ಸಂಚಿಕೆಯಲ್ಲಿ ಬರೆಯುವವರಿದ್ದೇವೆ. ಇಷ್ಟೆಲ್ಲ ಆದ ಮೇಲೆಯೂ ದನವನ್ನು ಬೀದಿಗೆ ಬಿಟ್ಟವನಿಗೆ ಎರಡರಷ್ಟು ದಂಡ ಹಾಕಿ. ವಸೂಲಿಗೆ ನಾವೇ ಜೊತೆಗೆ ಬರುತ್ತೇವೆ.

ಉಪವಿಧಿ ಮಾಡುವ ಮುನ್ನ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಲೇಬೇಕು. ಆಮೇಲೆ ಸರಕಾರದ ಮಂಜೂರಾತಿಯೂ ಬೇಕು. ಅದಕ್ಕಾಗಿಯೇ ಆ ಕಾಗದ ಗೋಡೆಯ ಮೇಲಿರುವುದು. ಆಕ್ಷೇಪಣೆಯ ಅರ್ಜಿ ಬರೆದುಕೊಡಲು ಯೂನಿಯನ್ ಆಫೀಸಿನಲ್ಲಿ ಪ್ರತಿ ಸಂಜೆ ಏಳರ ಮೇಲೆ ಇಬ್ಬರು ಕೂತಿರುತ್ತಾರೆ. ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತಿದರೆ ಸಾಕು. ಬರುವಾಗ ಎಮ್ಮೆಯ ಬಿಲ್ಲೆಯ ನಂಬರನ್ನು ಬರೆದುಕೊಂಡು ಬನ್ನಿ. ಎಲ್ಲ ಅರ್ಜಿಗಳನ್ನೂ ಒಟ್ಟಿಗೆ ಕೊಡಲು ಸೋಮವಾರ ಮುಂಜಾನೆ ಹನ್ನೊಂದಕ್ಕೆ ನಗರಸಭೆಯ ಮುಂದೆ ಸೇರುವುದು. ಬೆಳಗಿನ ಹಾಲು ಹಾಕಿ ಬರಲು ಆ ಹೊತ್ತು ಸರಿಹೋಗುತ್ತದೆಂದು ಚಾಳಿನ ಹೆಂಗಸರೇ ನಿಶ್ಚಯಿಸಿದ್ದಾರೆ.